ಲೆಂಪಿ ಕೊಸ್ಕೆಲಾ ಬರೆದ ಕೊನೆಯ ಅಭಿಪ್ರಾಯ

ಟ್ರೆಲಾನ್ ಹಾರ್ಬರಿನ ಶಾಲೆಯಲ್ಲಿ ಓದಿದ ನಮ್ಮ ತಲೆಮಾರಿನವರೆಲ್ಲ ಲೆಂಪಿ ಕೊಸ್ಕೆಲಾ ಅವರ ಕೈಯಡುಗೆ ಉಂಡು ಬೆಳೆದವರು. ಮೂವತ್ನಾಲ್ಕು ವರ್ಷ ಅವರು ಆ ಶಾಲೆಯ ಅಡುಗೆಮನೆಯಲ್ಲಿ ದುಡಿದರು. ದಪ್ಪ ಮುಂಗೈ, ಬಲೆಯೊಳಗೆ ಬಿಗಿದು ಕಟ್ಟಿದ ಕೂದಲು, ಏಪ್ರನ್ನಿನ ಜೇಬಿನಲ್ಲಿ ಯಾವಾಗಲೂ ಒಂದು ಪುಸ್ತಕ. ಒಂದು ಹಂಡೆ ಆಲೂಗಡ್ಡೆ ಬೇಯುವಷ್ಟರಲ್ಲಿ ಹನ್ನೊಂದು ಪುಟ ಓದಬಹುದು ಎಂದು ಅವರೇ ನನಗೆ ಹೇಳಿದ್ದರು. ಗಂಡ ವೈನೊ ತಾಮ್ರದ ಗಣಿಯಲ್ಲಿದ್ದವರು. ಗಣಿ ಮುಚ್ಚಿದ ಮರುವರ್ಷವೇ ತೀರಿಕೊಂಡರು. ಮಕ್ಕಳಿರಲಿಲ್ಲ. ಚರ್ಚಿನ ಹಿಂದಿನ ಬೀದಿಯ ಸಣ್ಣ ಮನೆಯಲ್ಲಿ ಒಬ್ಬರೇ ಇದ್ದರು.

ನಾನು ಊರ ಗ್ರಂಥಾಲಯದ ಕೆಲಸಕ್ಕೆ ಸೇರಿದ್ದು ಎಪ್ಪತ್ನಾಲ್ಕರಲ್ಲಿ. ಸೇರಿದ ಮೊದಲ ವಾರವೇ ಅವರು ಹಿಂದಿರುಗಿಸಿದ ಪುಸ್ತಕವೊಂದರಲ್ಲಿ ಚೀಟಿ ಸಿಕ್ಕಿತು. ಶಾಲೆಯಲ್ಲಿ ವಾರದ ಊಟದ ಪಟ್ಟಿ ಅಚ್ಚು ಹಾಕಿಸುತ್ತಾರಲ್ಲ, ಆ ಹಾಳೆಯ ಹಿಂಬದಿ. ಒಂದು ಕಡೆ ‘ಮಂಗಳವಾರ: ಬಟಾಣಿ ಸೂಪು, ಬ್ರೆಡ್ಡು’ ಎಂದಿತ್ತು. ಮತ್ತೊಂದು ಕಡೆ ಪೆನ್ಸಿಲ್ಲಿನಲ್ಲಿ ಹೀಗೆ ಬರೆದಿದ್ದರು: “ಒಂಬೈನೂರು ಪುಟದ ಜೀವನಚರಿತ್ರೆ. ಯುದ್ಧ ಗೆದ್ದ, ದೇಶ ಆಳಿದ, ಎಲ್ಲ ಸರಿ. ಹೆಂಡತಿ ಮೂರು ಮಕ್ಕಳನ್ನು ಕಳೆದುಕೊಂಡಳು ಅನ್ನುವುದು ಒಂದೇ ಒಂದು ಸಾಲು. ಆ ಸಾಲನ್ನು ನಾನು ಏಳು ಸಲ ಓದಿದೆ. ಉಳಿದದ್ದನ್ನು ಒಂದು ಸಲ.”

ನನಗೆ ತಡೆಯಲಾಗಲಿಲ್ಲ. ಬಾಗಿಲ ಬಳಿಯ ಫಲಕಕ್ಕೆ ಅದನ್ನು ಗುಂಡುಸೂಜಿಯಿಂದ ಚುಚ್ಚಿಟ್ಟೆ. ಮರುದಿನ ಅವರು ಅದನ್ನು ನೋಡಿ ಕೆಂಪಾದರು.

“ಇದೇನೇ ಲೋರ್ನಾ ಪೆನ್‌ಹೇಲ್, ನನ್ನ ಒಳಉಡುಪು ತಂದು ಬೀದೀಲಿ ಒಣಗಹಾಕಿದ ಹಾಗೆ!”

“ಚೆನ್ನಾಗಿದೆ ಮಿಸೆಸ್ ಕೊಸ್ಕೆಲಾ. ಬೆಳಗ್ಗೆಯಿಂದ ಆರು ಜನ ಓದಿದ್ರು.”

“ಆರು ಜನಾನಾ?” ಅವರು ಬೇಡವೆನ್ನಲಿಲ್ಲ. ಮುಂದಿನ ವಾರ ಎರಡು ಚೀಟಿ ತಂದರು.

ಹಾಗೆ ಹನ್ನೆರಡು ವರ್ಷ ನಡೆಯಿತು. ಪುಸ್ತಕ ಓದದವರೂ ಲೆಂಪಿ ಏನು ಬರೆದಿದ್ದಾರೆಂದು ನೋಡಲು ಬರುತ್ತಿದ್ದರು. ಒಂದು ಪ್ರೇಮಕಥೆಗೆ, “ಇಬ್ಬರೂ ಹತ್ತನೇ ಪುಟದಲ್ಲಿ ಬಾಯಿಬಿಟ್ಟು ಮಾತಾಡಿದ್ದರೆ ಪುಸ್ತಕವೇ ಬೇಕಿರಲಿಲ್ಲ. ನನ್ನ ಅಕ್ಕ ಭಾವನದೂ ಇದೇ ಕಥೆ, ಅಲ್ಲಿ ಕೊನೇ ಪುಟದಲ್ಲೂ ಮಾತಾಡಲಿಲ್ಲ.” ಧ್ರುವಯಾತ್ರೆಯ ಪುಸ್ತಕಕ್ಕೆ, “ಹಡಗಿನ ನಾಯಿಗಳ ಹೆಸರೂ ಇದೆ. ಅಡುಗೆಯವನ ಹೆಸರಿಲ್ಲ.” ಇರುವೆಗಳ ಬಗ್ಗೆ ಒಬ್ಬ ವಿಜ್ಞಾನಿ ಬರೆದ ದಪ್ಪ ಗ್ರಂಥವನ್ನು ಊರಿನಲ್ಲಿ ಯಾರೂ ಮುಟ್ಟುವುದಿಲ್ಲ ಎಂದುಕೊಂಡಿದ್ದೆ. ಇವರು ಎರಡು ಸಲ ತೆಗೆದುಕೊಂಡು ಹೋಗಿ ಬರೆದರು: “ಒಂದು ಪುಟವೂ ಬೇಸರ ಬರಲಿಲ್ಲ. ಈಗ ಅಡುಗೆಮನೆಯಲ್ಲಿ ಇರುವೆ ಸಾಲು ಕಂಡರೆ ಒರೆಸಲು ಕೈ ಬರುವುದಿಲ್ಲ. ಅದೊಂದು ತೊಂದರೆ.” ದುಃಖವನ್ನು ಏಳು ವಾರದಲ್ಲಿ ಗೆಲ್ಲುವುದು ಹೇಗೆಂಬ ಪುಸ್ತಕಕ್ಕೆ ಅವರು ಬರೆದದ್ದು ಎರಡೇ ಶಬ್ದ: “ಬರೆದವನು ಚಿಕ್ಕವನು.”

ಸುಳ್ಳು ಹೊಗಳಿಕೆ ಅವರಿಗೆ ಬರುತ್ತಲೇ ಇರಲಿಲ್ಲ. ಚರ್ಚಿನ ಪಾದ್ರಿಯ ಹೆಂಡತಿ ತನ್ನ ಪದ್ಯಗಳ ಪುಸ್ತಕ ಕೊಟ್ಟಾಗ, “ಎಲ್ಲ ಪದ್ಯದಲ್ಲೂ ಹಿಮ ಬಿಳಿಯಾಗಿದೆ. ನಮ್ಮೂರಿನ ಹಿಮ ಫೆಬ್ರುವರಿಗೆ ಬೂದುಬಣ್ಣ” ಎಂದು ಬರೆದರು. ಆಕೆ ಎರಡು ತಿಂಗಳು ಮುನಿಸಿಕೊಂಡಿದ್ದು ಆಮೇಲೆ ಬೂದು ಹಿಮದ ಮೇಲೊಂದು ಪದ್ಯ ಬರೆದು ತಂದು ತೋರಿಸಿದರು. ಅದರಿಂದ ನನಗೂ ಲೆಂಪಿಗೂ ಒಂದು ಧೈರ್ಯ ಬಂದಿತ್ತು. ನಿಜ ಹೇಳಿದರೆ ಯಾರಿಗೂ ಕೆಡುಕಾಗುವುದಿಲ್ಲ ಎಂಬ ಧೈರ್ಯ.

ಎಂಬತ್ತಾರರ ಅಕ್ಟೋಬರಿನಲ್ಲಿ ಓನ್ನಿ ರಂತಾಲಾ ಗ್ರಂಥಾಲಯಕ್ಕೆ ಬಂದರು. ನಮ್ಮೂರಿನ ಮುಂದಿನ ಸಮುದ್ರದಂಥ ಸರೋವರದಲ್ಲಿ ಅದಿರು ಸಾಗಿಸುವ ಹಡಗುಗಳಲ್ಲಿ ನಲವತ್ತು ವರ್ಷ ಕೆಲಸ ಮಾಡಿ ನಿವೃತ್ತರಾಗಿದ್ದವರು, ಲೆಂಪಿಯ ಸಹಪಾಠಿ. ಅವರಿಗೆ ಒಬ್ಬನೇ ಮಗನಿದ್ದ, ಡೇಲ್. ಶಾಲೆಯಲ್ಲಿ ನನಗಿಂತ ನಾಲ್ಕು ತರಗತಿ ಮುಂದಿದ್ದ. ಅರವತ್ತೆಂಟರ ನವೆಂಬರಿನಲ್ಲಿ, ಇಪ್ಪತ್ತೆರಡರ ವಯಸ್ಸಿನಲ್ಲಿ, ಮೀನಿನ ಬಲೆ ತೆಗೆಯಲು ಸ್ನೇಹಿತನೊಂದಿಗೆ ಸಣ್ಣ ದೋಣಿಯಲ್ಲಿ ಹೋದವನು ಬಿರುಗಾಳಿಗೆ ಸಿಕ್ಕಿ ಮರಳಲಿಲ್ಲ. ದೇಹಗಳೂ ಸಿಗಲಿಲ್ಲ. ತಾಯಿ ಸಿಲ್ವಿ ಆ ಕೊರಗಿನಲ್ಲೇ ಹೋದರು. ಓನ್ನಿ ಯಾರೊಡನೆಯೂ ಅದರ ಮಾತೆತ್ತುತ್ತಿರಲಿಲ್ಲ.

ಅವತ್ತು ಅವರು ಟೋಪಿ ತೆಗೆದು ಮೇಜಿನ ಮೇಲಿಟ್ಟು, ಕೋಟಿನ ಒಳಗಿನಿಂದ ಒಂದು ತೆಳುವಾದ ಪುಸ್ತಕ ತೆಗೆದರು. ನೀಲಿ ರಟ್ಟು. ‘ನವೆಂಬರಿನ ನಾಲ್ಕು ದಿನ’. ಡೇಲ್‌ನನ್ನು ಕೊಂಡೊಯ್ದ ಆ ಬಿರುಗಾಳಿಯ ಬಗ್ಗೆ ತಾವೇ ಬರೆದು, ಪಕ್ಕದ ಪಟ್ಟಣದ ಮುದ್ರಣಾಲಯದಲ್ಲಿ ಇನ್ನೂರು ಪ್ರತಿ ಅಚ್ಚು ಹಾಕಿಸಿದ್ದರು.

“ಇದನ್ನ ಲೆಂಪಿಗೆ ಕೊಡು. ಬೇರೆಯವರ ಪುಸ್ತಕಕ್ಕೆ ಬರೀತಾಳಲ್ಲ, ಹಾಗೇ ಇದಕ್ಕೂ ಬರೀಲಿ. ಹಳೇ ಪರಿಚಯ ಅಂತ ಬೆಣ್ಣೆ ಹಚ್ಚಬಾರದು ಅಂತ ಹೇಳು.”

“ಅವರಿಗೆ ಬೆಣ್ಣೆ ಹಚ್ಚೋಕೆ ಬರೋದು ಬ್ರೆಡ್ಡಿಗೆ ಮಾತ್ರ” ಎಂದೆ. ಓನ್ನಿ ನಕ್ಕರು. ಅವರು ನಕ್ಕದ್ದನ್ನು ಅದಕ್ಕೂ ಮೊದಲು ನಾನು ನೋಡಿರಲಿಲ್ಲ.

ಎಂಟು ದಿನದ ಮೇಲೆ ಲೆಂಪಿ ಚೀಟಿ ತಂದರು. “ಎರಡು ಸಲ ಓದಿದೆ. ನಿದ್ದೆ ಬರಲಿಲ್ಲ. ಆದರೆ ಅವನೇ ಕೇಳಿದ್ದಾನಲ್ಲ” ಎಂದರು. ನಾನು ಓದಿದೆ.

“ಗಾಳಿಯ ಬಗ್ಗೆ ಇಷ್ಟು ಸರಿಯಾಗಿ ಬರೆದದ್ದನ್ನು ನಾನು ಎಲ್ಲೂ ಓದಿಲ್ಲ. ಆದರೆ ಮೊದಲ ಪುಟದಲ್ಲಿ ‘ಮಗನ ನೆನಪಿಗೆ’ ಎಂದಿದೆ. ಮಗ ಬರುವುದು ಅರವತ್ತೊಂದನೇ ಪುಟದಲ್ಲಿ. ಅಷ್ಟರಲ್ಲಿ ಸತ್ತಿದ್ದಾನೆ. ಡೇಲ್‌ಗೆ ನಾನು ಹದಿಮೂರು ವರ್ಷ ಊಟ ಬಡಿಸಿದ್ದೇನೆ. ಈ ಪುಸ್ತಕದಲ್ಲಿ ಅವನಿಲ್ಲ. ಯಾರ ಮಗ ಸತ್ತಿದ್ದರೂ ಇದೇ ಪುಸ್ತಕ ಬರೆಯಬಹುದಿತ್ತು.”

ಅದನ್ನು ಫಲಕಕ್ಕೆ ಹಾಕಬಾರದು ಎಂದು ಒಳಗೆ ಅನ್ನಿಸಿತು. ಕೊನೆಯ ಸಾಲನ್ನಾದರೂ ಕತ್ತರಿಸೋಣವೇ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಫಲಕದ ಮುಂದೆ ಜನ ಸೇರುವುದು ನನಗೂ ಅಭ್ಯಾಸವಾಗಿಬಿಟ್ಟಿತ್ತು. ಚುಚ್ಚಿದ್ದು ನನ್ನ ಕೈಯೇ.

ಸೋಮವಾರ ಓನ್ನಿ ಬಂದರು. ಫಲಕದ ಮುಂದೆ ನಿಂತು ಓದಿದರು. ಆಮೇಲೆ ನನ್ನ ಕಡೆ ತಿರುಗದೆಯೇ ಕೇಳಿದರು, “ಇದನ್ನ ತಗೊಂಡು ಹೋಗ್ಲಾ?”

“ತಗೊಳ್ಳಿ ಮಿಸ್ಟರ್ ರಂತಾಲಾ.”

ಗುಂಡುಸೂಜಿಯನ್ನು ಜೋಪಾನವಾಗಿ ಫಲಕಕ್ಕೇ ಮರಳಿ ಚುಚ್ಚಿ, ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು ಹೋದರು. ಅದೇ ದಿನ ಹಾರ್ಡ್‌ವೇರ್ ಅಂಗಡಿಯಲ್ಲಿ, ಚರ್ಚಿನಲ್ಲಿ ಮಾರಾಟಕ್ಕಿಟ್ಟಿದ್ದ ಪ್ರತಿಗಳನ್ನೆಲ್ಲ ವಾಪಸು ತೆಗೆದುಕೊಂಡರು. ಬುಧವಾರ ಅವರ ಸೌನಾದ ಚಿಮಣಿಯಿಂದ ಹೊಗೆ ಬರುವುದನ್ನು ಪಕ್ಕದ ಮನೆಯವರು ಕಂಡರು. ನಮ್ಮಲ್ಲಿ ಸೌನಾ ಕಾಯಿಸಿ ಹಬೆಸ್ನಾನ ಮಾಡುವುದು ಶನಿವಾರ. ಬುಧವಾರ ಯಾರೂ ಕಾಯಿಸುವುದಿಲ್ಲ. ಹೋಗಿ ನೋಡಿದರೆ ಓನ್ನಿ ಒಲೆಯ ಮುಂದೆ ಕೂತು ನೀಲಿ ರಟ್ಟಿನ ಪುಸ್ತಕಗಳನ್ನು ಒಂದೊಂದಾಗಿ ಒಳಗೆ ಹಾಕುತ್ತಿದ್ದರಂತೆ.

ಆ ಸುದ್ದಿ ನಾನೇ ಲೆಂಪಿಗೆ ಹೇಳಬೇಕಾಯಿತು. ಅವರು ನಿಸು ಎಂಬ ಸಿಹಿ ಬ್ರೆಡ್ಡಿನ ಹಿಟ್ಟು ನಾದುತ್ತಿದ್ದರು. ಮನೆಯೆಲ್ಲ ಏಲಕ್ಕಿಯ ಪರಿಮಳ. ಕೇಳಿ, ಹಿಟ್ಟಿನಿಂದ ಕೈ ತೆಗೆಯದೆ ಹಾಗೇ ನಿಂತರು.

“ಎಲ್ಲಾನೂ ಸುಟ್ಟನಾ?”

“ಎಲ್ಲಾನೂ.”

“ನನ್ನನ್ನ ಅಲ್ಲಿಗೆ ಕರ್ಕೊಂಡು ಹೋಗು. ಈಗಲೇ.”

ಅವರಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ನಾನೇ ಕರೆದುಕೊಂಡು ಹೋದೆ. ಓನ್ನಿ ಬಾಗಿಲು ತೆರೆದು ನಮ್ಮಿಬ್ಬರನ್ನೂ ನೋಡಿದರು. “ಬನ್ನಿ, ಕಾಫಿ ಬಿಸಿ ಇದೆ” ಎಂದರು, ಏನೂ ಆಗಿಲ್ಲವೆಂಬಂತೆ. ಮೂರು ಲೋಟ ಇಟ್ಟರು. ಲೆಂಪಿ ಕೋಟು ಬಿಚ್ಚದೆಯೇ ಕೂತರು.

“ಪುಸ್ತಕ ಸುಟ್ಟೆಯಂತೆ.”

“ಸುಟ್ಟೆ. ಚೆನ್ನಾಗಿ ಉರೀತು ಮಾರಾಯ್ತಿ. ಅಷ್ಟು ಒಣ ಪುಸ್ತಕ.”

“ಒಣ ಅಂತ ನಾನು ಬರೆದಿಲ್ಲ ಓನ್ನಿ.”

“ಇಲ್ಲ, ಅದಕ್ಕಿಂತ ಚೆನ್ನಾಗಿ ಬರೆದಿದ್ದೀಯ.”

ಲೆಂಪಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದರು. “ನಾನು ಹಾಗೆ ಬರೀಬಾರದಿತ್ತು. ಆ ಕೊನೇ ಮಾತು…”

“ತಪ್ಪೇನಿದೆ ಅದ್ರಲ್ಲಿ? ಹೇಳು. ಏಪ್ರಿಲ್‌ನಲ್ಲಿ ಹಡಗು ಹತ್ತಿದ್ರೆ ಇಳೀತಿದ್ದದ್ದು ಜನವರಿಗೆ. ಮನೇಲಿದ್ದ ಮೂರು ತಿಂಗಳೂ ಸುಸ್ತು, ನಿದ್ದೆ. ‘ಅಪ್ಪ ಮಲಗಿದಾರೆ, ಸದ್ದು ಮಾಡಬೇಡ’ ಅಂತ ಸಿಲ್ವಿ ಅವನಿಗೆ ಹೇಳ್ತಾನೇ ಇರ್ತಿದ್ಲು. ನನಗೆ ಗೊತ್ತಿರೋ ಡೇಲ್ ಅಂದ್ರೆ ಕಾಲುಚೀಲ ಹಾಕ್ಕೊಂಡು ಸದ್ದಿಲ್ಲದೆ ಓಡಾಡ್ತಿದ್ದ ಒಂದು ಮಗು. ಅದನ್ನ ಏನಂತ ಬರೀಲಿ?” ಓನ್ನಿ ಕಿಟಕಿಯ ಕಡೆ ನೋಡಿದರು. ಅಲ್ಲಿಂದ ಸರೋವರ ಕಾಣುತ್ತಿತ್ತು. “ಗಾಳಿ ಗೊತ್ತಿತ್ತು ಲೆಂಪಿ. ಅವತ್ತು ನಾನೂ ಅದೇ ಗಾಳೀಲಿದ್ದೆ, ಸರೋವರದ ಆ ತುದೀಲಿ. ಅವನ ಮೇಲೆ ಬೀಸಿದ್ದೇ ನನ್ನ ಮೇಲೂ ಬೀಸ್ತು. ನಾನೂ ಅವನೂ ಒಟ್ಟಿಗೆ ಕಂಡದ್ದು ಅಂದ್ರೆ ಅದೊಂದೇ. ಅದಕ್ಕೇ ಅದನ್ನ ಬರೆದೆ.”

ಲೆಂಪಿ ಅಳುವವರಲ್ಲ, ಅವತ್ತೂ ಅಳಲಿಲ್ಲ. ಮುಖ ಮಾತ್ರ ಒಮ್ಮೆಗೇ ಮುದಿಯಾದಂತೆ ಕಂಡಿತು.

“ಮತ್ತೆ ಬರಿ” ಎಂದರು ಕೊನೆಗೆ. “ನಾನು ಹೇಳ್ತೀನಿ, ನೀನು ಬರಿ.”

“ನನ್ನ ಕೈಲಾಗಲ್ಲ. ನಿನಗೆ ಗೊತ್ತಿದೆಯಲ್ಲ, ನೀನೇ ಬರಿ. ನಾನು ಓದ್ತೀನಿ. ಬೆಣ್ಣೆ ಹಚ್ಚಲ್ಲ, ಹೆದರಬೇಡ.”

ಆ ವಾರವೇ ಲೆಂಪಿ ಬರೆಯಲು ಕೂತರು. ಗ್ರಂಥಾಲಯಕ್ಕೆ ಬಂದು ಪುಸ್ತಕದ ಬದಲು ಗೆರೆಹಾಳೆ ಕೇಳಿದರು. ಅವರು ಎರಡು ಮೂರು ತಿಂಗಳಲ್ಲಿ ಮುಗಿಸಬಹುದೆಂದು ನಾನು ಎಣಿಸಿದ್ದೆ. ಹನ್ನೆರಡು ವರ್ಷ ಬೇರೆಯವರ ಪುಸ್ತಕಗಳನ್ನು ಅಷ್ಟು ಸಲೀಸಾಗಿ ತೂಗಿದವರಿಗೆ ತಮ್ಮ ಬರಹದ ಒಂದು ಪುಟವೂ ಸರಿಬರಲಿಲ್ಲ. ನನಗೆ ಓದಲು ಕೊಡುತ್ತಿದ್ದರು, ನಾನು ಚೆನ್ನಾಗಿದೆ ಎನ್ನುತ್ತಿದ್ದೆ, ಮರುವಾರ ಕೇಳಿದರೆ ಹರಿದು ಹಾಕಿರುತ್ತಿದ್ದರು.

“ಯಾಕೆ ಹರಿದ್ರಿ?”

“ಅದರಲ್ಲಿ ಡೇಲ್‌ಗಿಂತ ನಾನೇ ಜಾಸ್ತಿ ಇದ್ದೆ ಕಣೇ.”

ಇನ್ನೊಂದು ಸಲ, “ಹುಡುಗನನ್ನ ದೇವದೂತ ಮಾಡಿಬಿಟ್ಟಿದ್ದೆ. ಅವನು ಜಗಳಗಂಟ. ಓನ್ನಿಗೆ ಸುಳ್ಳು ಮಗನನ್ನ ಕೊಡೋಕಾಗುತ್ತಾ?”

ಡೇಲ್‌ಗೆ ಪಾಠ ಹೇಳಿದ್ದ ಶಿಕ್ಷಕಿಯನ್ನು ಹುಡುಕಿಕೊಂಡು ಅರವತ್ತು ಮೈಲಿ ಬಸ್ಸಿನಲ್ಲಿ ಹೋದರು. ಅವನ ಜೊತೆ ಮುಳುಗಿದ ಸ್ನೇಹಿತನ ತಂಗಿಗೆ ಪತ್ರ ಬರೆದರು. ಉತ್ತರ ಬರಲು ಐದು ತಿಂಗಳಾಯಿತು. ಸಂಧಿವಾತದಿಂದ ಬೆರಳು ಊದಿಕೊಂಡು ಚಳಿಗಾಲದಲ್ಲಿ ಪೆನ್ಸಿಲ್ ಹಿಡಿಯಲು ಆಗುತ್ತಿರಲಿಲ್ಲ. ಅಂಚೆಕಚೇರಿಯ ಮುಂದೆ ಓನ್ನಿ ಸಿಕ್ಕಾಗೆಲ್ಲ ಕೇಳುವರು, “ಏನಮ್ಮಾ, ಪುಸ್ತಕ ಎಲ್ಲಿಗೆ ಬಂತು? ನಾನು ಸಾಯೋದ್ರೊಳಗೆ ಆಗುತ್ತಾ?” ಇವರು, “ನೀನು ಸಾಯೋ ಪೈಕಿ ಅಲ್ಲ, ಸುಮ್ನೆ ಕೂತ್ಕೊ” ಎನ್ನುವರು.

ಎರಡು ವರ್ಷ ಕಳೆಯಿತು. ಅಷ್ಟರಲ್ಲಿ ಓನ್ನಿ ಬದಲಾಗಿದ್ದರು. ಮೊದಲು ಒಲೆ ಆರಿಸುವುದನ್ನು ಮರೆತರು. ಒಂದು ಬೆಳಗ್ಗೆ ಗಂಟು ಕಟ್ಟಿಕೊಂಡು ಹಡಗುಕಟ್ಟೆಯಲ್ಲಿ ನಿಂತಿದ್ದವರನ್ನು, ಯಾವಾಗಲೋ ಗುಜರಿಗೆ ಹೋದ ಹಡಗಿಗಾಗಿ ಕಾಯುತ್ತಿದ್ದವರನ್ನು, ಯಾರೋ ಮನೆಗೆ ಕರೆತಂದರು. ಆಮೇಲೆ ಅಣ್ಣನ ಮಗಳು ಬಂದು ಅವರನ್ನು ಪಕ್ಕದ ಪಟ್ಟಣದ ವೃದ್ಧಾಶ್ರಮಕ್ಕೆ ಸೇರಿಸಿದಳು. ಅದಾದ ಮೂರು ವಾರಕ್ಕೆ ಲೆಂಪಿ ಬರೆದದ್ದು ಮುಗಿಯಿತು. ಮೂವತ್ತೊಂದು ಪುಟ.

ಎಂಬತ್ತೊಂಬತ್ತರ ಏಪ್ರಿಲ್, ಒಂದು ಭಾನುವಾರ ಮಧ್ಯಾಹ್ನ ನಾವಿಬ್ಬರೂ ಹೋದೆವು. ಓನ್ನಿ ಕಿಟಕಿಯ ಬಳಿ ಕೂತಿದ್ದರು, ಕೂದಲು ಒಪ್ಪವಾಗಿ ಬಾಚಿತ್ತು.

“ನಾನು ಲೆಂಪಿ ಕಣೋ.”

“ಓಹೋ” ಎಂದರು, ಮರ್ಯಾದೆಗೆ. ಗುರುತು ಹತ್ತಿರಲಿಲ್ಲ.

ಲೆಂಪಿ ನನ್ನನ್ನೊಮ್ಮೆ ನೋಡಿ, ಕನ್ನಡಕ ಹಾಕಿಕೊಂಡು ಓದತೊಡಗಿದರು. ಡೇಲ್ ಬಟಾಣಿ ತಿನ್ನದೆ ಮೇಜಿನ ಅಡಿಗೆ ಒಂದೊಂದಾಗಿ ಅಂಟಿಸುತ್ತಿದ್ದದ್ದು, ವರ್ಷದ ಕೊನೆಗೆ ಮೇಜು ಮಗುಚಿದಾಗ ಅವು ಅಲ್ಲಿ ಸಾಲಾಗಿ ಕಲ್ಲಾಗಿದ್ದದ್ದು. ಮೂರನೇ ತರಗತಿಯಲ್ಲಿ, ‘ನಿನಗೆ ಅಪ್ಪನೇ ಇಲ್ಲ’ ಎಂದವನ ಕಿವಿಯನ್ನು ರಕ್ತ ಬರುವಂತೆ ಕಚ್ಚಿದ್ದು. ಅವನ ಸ್ವರ ಕೆಟ್ಟದೆಂದು, ಕ್ರಿಸ್ಮಸ್ ಹಾಡಿನಲ್ಲಿ ಬರೀ ಬಾಯಿ ಆಡಿಸು ಎಂದು ಸಂಗೀತದ ಶಿಕ್ಷಕಿ ಹೇಳಿದಾಗ, ಎಲ್ಲರಿಗಿಂತ ದೊಡ್ಡದಾಗಿ ಬಾಯಿ ತೆರೆದು ಸದ್ದಿಲ್ಲದೆ ಹಾಡಿದ್ದು. ನಗುವಾಗಲೂ ಸದ್ದು ಬರುತ್ತಿರಲಿಲ್ಲ, ಭುಜ ಮಾತ್ರ ಕುಣಿಯುತ್ತಿತ್ತು ಎಂಬುದು. ಕೊಲ್ಲಿಯಲ್ಲಿ ಯಾವ ಹಡಗು ಸೀಟಿ ಹಾಕಿದರೂ ಚಮಚ ಕೆಳಗಿಟ್ಟು, ‘ಅದು ನಮ್ಮಪ್ಪಂದು’ ಎನ್ನುತ್ತಿದ್ದದ್ದು.

ಓನ್ನಿ ತಲೆ ಬಾಗಿಸಿ ಕೇಳಿದರು. ಬಟಾಣಿಯ ಕಥೆಗೆ ನಕ್ಕರು. ಕೊನೆಯ ಪುಟ ಮುಗಿದಾಗ ಕಣ್ಣಲ್ಲಿ ನೀರಿತ್ತು.

“ಒಳ್ಳೇ ಹುಡುಗ” ಎಂದರು. “ಯಾರ ಮಗ ಇವ್ನು?”

ಲೆಂಪಿ ಹಾಳೆಗಳನ್ನು ಜೋಡಿಸಿ ಮಡಿಲಲ್ಲಿಟ್ಟುಕೊಂಡರು. “ಹಡಗಲ್ಲಿ ಕೆಲಸ ಮಾಡ್ತಿದ್ದವನೊಬ್ಬನ ಮಗ” ಎಂದರು.

“ಹಾಗಾದ್ರೆ ಅಪ್ಪ ಮನೇಲಿರ್ತಿರಲಿಲ್ಲ ಅನ್ನು. ಪಾಪ, ಅವನಿಗೆ ಇದೆಲ್ಲ ಏನು ಗೊತ್ತಿರುತ್ತೆ. ಅವನಿಗೆ ಇದನ್ನ ಓದಿ ಹೇಳಬೇಕಮ್ಮಾ ನೀವು.”

“ಹೇಳ್ತೀನಿ” ಎಂದರು ಲೆಂಪಿ.

ಕಾರಿನಲ್ಲಿ ಮೂವತ್ತು ಮೈಲಿ ಮರಳಿ ಬಂದೆವು. ಊರಿನ ತಿರುವಿನಲ್ಲಿ ಅವರು, “ಮೊದಲನೇ ಸಲ ಬರೆದದ್ದನ್ನೇ ಕೊಟ್ಟುಬಿಡಬೇಕಿತ್ತು. ಅದೂ ಸಾಕಾಗ್ತಿತ್ತು ಅವನಿಗೆ” ಎಂದರು. ಆ ಮೊದಲ ಬರಹವನ್ನು ನಾನು ಓದಿದ್ದೆ. ಸಾಕಾಗುತ್ತಿತ್ತು.

ಆಮೇಲೂ ಅವರು ಪ್ರತಿ ಭಾನುವಾರ ಹೋದರು. ನನಗೆ ಬಿಡುವಿಲ್ಲದಾಗ ಬಸ್ಸಿನಲ್ಲಿ ಹೋಗುತ್ತಿದ್ದರು. ಓನ್ನಿಗೆ ಪ್ರತಿ ಸಲವೂ ಅದು ಹೊಸ ಕಥೆಯೇ. ಒಮ್ಮೊಮ್ಮೆ, “ಶಿಕ್ಷಕಿ ವಿಷಯ ಉದ್ದ ಆಯ್ತು” ಎಂದು ಆಕ್ಷೇಪವನ್ನೂ ಎತ್ತುತ್ತಿದ್ದರು. ಲೆಂಪಿ ಮುಂದಿನ ವಾರಕ್ಕೆ ಅದನ್ನು ಮೊಟಕು ಮಾಡಿಕೊಂಡು ಹೋಗುತ್ತಿದ್ದರು. ಆ ಹುಡುಗ ತನ್ನವನೆಂದು ಅವರಿಗೆ ಒಂದು ದಿನವೂ ಹೊಳೆಯಲಿಲ್ಲ. ಹೊಳೆಯಬಹುದೆಂದು ಲೆಂಪಿ ಹೋದರೋ, ಹೊಳೆಯದಿದ್ದರೂ ಸರಿ ಎಂದು ಹೋದರೋ, ನಾನು ಕೇಳಲಿಲ್ಲ.

ಓನ್ನಿ ತೀರಿಕೊಂಡದ್ದು ತೊಂಬತ್ತೊಂದರ ಫೆಬ್ರುವರಿಯಲ್ಲಿ. ನೆಲ ಹೆಪ್ಪುಗಟ್ಟಿರುವಾಗ ನಮ್ಮಲ್ಲಿ ಗುಂಡಿ ತೋಡುವುದಿಲ್ಲ. ಹಿಮ ಕರಗುವವರೆಗೆ ಶವಪೆಟ್ಟಿಗೆ ಸ್ಮಶಾನದ ಕಲ್ಲುಕೋಣೆಯಲ್ಲಿ ಕಾಯಬೇಕು. ಮೇ ತಿಂಗಳಲ್ಲಿ ಸಿಲ್ವಿಯ ಸಮಾಧಿಗೂ ಡೇಲ್‌ನ ಹೆಸರಿನ ಬರಿಯ ಕಲ್ಲಿಗೂ ನಡುವೆ ಅವರನ್ನು ಮಣ್ಣು ಮಾಡಿದರು. ನಾವು ಒಂಬತ್ತು ಜನ ಇದ್ದೆವು. ಲೆಂಪಿ ಒದ್ದೆ ಮಣ್ಣಿನಲ್ಲಿ ಕೊನೆಯವರೆಗೂ ನಿಂತಿದ್ದರು.

ಆ ಮೂವತ್ತೊಂದು ಪುಟಗಳನ್ನು ರಟ್ಟು ಹಾಕಿಸಿ ಗ್ರಂಥಾಲಯದಲ್ಲಿ ಇಡೋಣ ಎಂದು ನಾನು ಕೇಳಿದೆ.

“ಬೇಡ. ಅದು ಓನ್ನಿಗೆ ಅಂತ ಬರೆದದ್ದು.”

“ಅವರು ಕೇಳಿದ್ರಲ್ಲ, ಎಷ್ಟು ಸಲ ಕೇಳಿದ್ರು!”

“ಕೇಳಿದ್ದು ಬೇರೆ ಯಾರೋ, ಲೋರ್ನಾ.”

ಅವರು ಮುಂದೆ ಹನ್ನೊಂದು ವರ್ಷ ಬದುಕಿದ್ದರು. ಓದುವುದನ್ನು ಬಿಡಲಿಲ್ಲ; ವಾರಕ್ಕೆ ಮೂರು ಪುಸ್ತಕ, ಕಾದಂಬರಿ, ಪ್ರವಾಸ, ಹಕ್ಕಿಗಳ ಬಗ್ಗೆ, ಯುದ್ಧದ ಬಗ್ಗೆ, ಏನಾದರೂ ಸರಿ. ಆದರೆ ಓನ್ನಿಯ ಪುಸ್ತಕದ ಮೇಲೆ ಬರೆದ ಚೀಟಿಯೇ ಕೊನೆಯದು. ಹೇಗಿತ್ತು ಎಂದು ನಾನು ಕೇಳಿದರೆ, “ಓದಿದೆ” ಎಂದಷ್ಟೇ ಹೇಳಿ ಪುಸ್ತಕವನ್ನು ಮೇಜಿನ ಮೇಲೆ ಇಡುತ್ತಿದ್ದರು. ಹೊಸದಾಗಿ ಊರಿಗೆ ಬಂದವರಿಗೆ ಅವರು ಮಾತು ಕಡಿಮೆಯಾದ, ಕೋಲೂರಿ ನಡೆಯುವ ಒಬ್ಬ ಮುದುಕಿ ಮಾತ್ರ.

ಎರಡು ಸಾವಿರದ ಎರಡರ ಸೆಪ್ಟೆಂಬರಿನಲ್ಲಿ, ಎಂಬತ್ನಾಲ್ಕನೇ ವಯಸ್ಸಿನಲ್ಲಿ, ಮೂರು ದಿನದ ಜ್ವರದಲ್ಲಿ ಹೋದರು. ಮನೆ ಖಾಲಿ ಮಾಡಲು ನಾನೂ ಹೋಗಿದ್ದೆ. ಬಟ್ಟೆ, ಪಾತ್ರೆ, ವೈನೊನ ಗಣಿಯ ದೀಪ, ಗ್ರಂಥಾಲಯಕ್ಕೆ ಸೇರಬೇಕಾದ ಮೂರು ಪುಸ್ತಕ ಸಿಕ್ಕವು. ಡೇಲ್‌ನ ಬಗ್ಗೆ ಬರೆದ ಆ ಹಾಳೆಗಳಿಗಾಗಿ ಎಲ್ಲ ಡ್ರಾಯರುಗಳನ್ನೂ ತೆಗೆದು ನೋಡಿದೆ. ಹಾಸಿಗೆಯ ಕೆಳಗೂ ನೋಡಿದೆ. ಎಲ್ಲೂ ಇರಲಿಲ್ಲ.